ಎಲೆ ನೋಡಿ ಕೊಯ್ದ ಕಡ್ಡಿ

ಪುಣೆ
೧೧ ನವೆಂಬರ್ ೨೦೨೪

ಪ್ರೀತಿಯ ಆದಿಲಕ್ಷ್ಮಿ ಅತ್ತೆಗೆ,

ನಿಮ್ಮ ತಮ್ಮನ ಮಗಳು ಸೌಜನ್ಯಳ ನಮಸ್ಕಾರಗಳು. ಅಕ್ಷರ ನೋಡಿ ಗುರುತು ಹಿಡಿದಿರೋ ಇಲ್ಲವೋ ಗೊತ್ತಿಲ್ಲ. ಬೇಸಿಗೆ ರಜೆಗೆ ನಗರಗೆರೆಗೆ ಬಂದು ನಿಮ್ಮ ಜಗುಲಿಯ ಮೇಲೆ ಕಾಪಿ ಬರೆಯುವಾಗ ಕೋಳಿ ಕೆದರಿದ ಹಾಗಿದೆ ಎಂದು ನೀವು ಬೈಯುತ್ತಿದ್ದ ಅಕ್ಷರವೇ ಇದು. ಸ್ವಲ್ಪವೂ ಸುಧಾರಿಸಿಲ್ಲ.

ಒಂಬತ್ತು ವರ್ಷ ಸುದ್ದಿಯಿಲ್ಲದವಳು ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ಕೇಳುತ್ತೀರಿ. ಒಂದು ಸಹಾಯ ಬೇಕಾಗಿದೆ. ನಾನು ಇಲ್ಲಿ ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ವಿಷಯ ನಮ್ಮ ಮನೆಯದೇ, ಹಿಪ್ಪುನೇರಳೆ. ನಾವೆಲ್ಲ ರೇಷ್ಮೆ ಸೊಪ್ಪು ಎಂದು ಒಂದೇ ಹೆಸರಿನಲ್ಲಿ ಕರೆದರೂ ಅದರಲ್ಲಿ ಒಂದಕ್ಕೊಂದು ತೀರ ಹತ್ತಿರದ ಹಲವು ಜಾತಿಗಳಿವೆ. ಹೂವನ್ನು ಬಿಡಿಸಿ ಒಳಗಿನ ಭಾಗಗಳನ್ನು ಅಳೆದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ. ಆದರೆ ನಮ್ಮ ಕಡೆ ಎರಡು ತಿಂಗಳಿಗೊಮ್ಮೆ ಗಿಡವನ್ನು ಬುಡಕ್ಕೆ ಕೊಯ್ದು ಹುಳಕ್ಕೆ ಹಾಕಿಬಿಡುತ್ತಾರೆ. ನೆಮ್ಮದಿಯಾಗಿ ಹೂ ಬಿಡುವ ಮರ ಹುಡುಕುತ್ತಿದ್ದಾಗ ಮೋಹನ್‌ಬಾಬು ವಾಟ್ಸಾಪಿನಲ್ಲಿ ಹಾಕಿದ್ದ ಫೋಟೋ ಕಣ್ಣಿಗೆ ಬಿತ್ತು. ನಿಮ್ಮ ಮಗ ತನ್ನ ಹೊಸ ಬೈಕನ್ನು ತೋರಿಸುತ್ತಿದ್ದ, ನಾನು ಹಿಂದಿನ ಬದುವಿನ ಮೇಲಿದ್ದ ಮರವನ್ನು ನೋಡುತ್ತಿದ್ದೆ.

ಅದು ಅಜ್ಜಿ ತೀರಿಕೊಂಡ ವರ್ಷ ಅಪ್ಪ ಕಳಿಸಿದ ಕಡ್ಡಿಯಿಂದ ಬೆಳೆದದ್ದು ಎಂದು ನನಗೆ ಗೊತ್ತು. ಅದು ಅಜ್ಜಿ ನೆಟ್ಟ ಗಿಡದ ಕಡ್ಡಿ ಅಲ್ಲವೆಂದು ನೀವು, ಅದರದೇ ಎಂದು ಅಪ್ಪ. ಆ ಮಾತಿನಿಂದಲೇ ಎರಡು ಮನೆಯವರು ಹೋಗಿಬರುವುದು ನಿಂತದ್ದೂ ಗೊತ್ತು. ಮಾವ ತೋಟವನ್ನೆಲ್ಲ ಕಿತ್ತರೂ ನೀವು ಒಂದು ಗಿಡ ಉಳಿಸಿಕೊಂಡಿದ್ದೀರಿ. ಅದು ಹೂ ಬಿಟ್ಟಾಗ ರೆಂಬೆಯ ತುದಿ ನಾಲ್ಕು ಮುರಿದು, ಹಳೇ ಪೇಪರಿನ ಮಡಿಕೆಯಲ್ಲಿಟ್ಟು, ಮೇಲೆ ಭಾರ ಹೇರಿ, ಒಣಗಿದ ಮೇಲೆ ಅಂಚೆಯಲ್ಲಿ ಕಳಿಸುತ್ತೀರಾ? ಅಪ್ಪನಿಗೆ ಹೇಳಿಲ್ಲ. ಫೋನ್ ಮಾಡಿದರೆ ಮಾವ ಎತ್ತುತ್ತಾರೆಂದು ಭಯ.

ನಿಮ್ಮ ಸೌಜನ್ಯ


ನಗರಗೆರೆ
೨ ಡಿಸೆಂಬರ್ ೨೦೨೪

ನಮ್ಮ ಸೌಜಿಗೆ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಅಕ್ಕಿ ಡಬ್ಬದಲ್ಲಿ ಇಟ್ಟುಕೊಂಡು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ತೆಗೆದು ಓದುತ್ತಿದ್ದೆ. ಮೊದಲ ದಿನ ಕೋಪ ಬಂತು. ಮೂರನೆಯ ದಿನ ಅಳು ಬಂತು. ಈಗ ಎರಡೂ ಮುಗಿದಿದೆ, ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ನನ್ನನ್ನು ನೀವು, ನೀವು ಎಂದು ಬರೆದಿದ್ದೀಯ. ತೊಡೆಯ ಮೇಲೆ ಹಾಕಿಕೊಂಡು ಹೇನು ತೆಗೆದವಳಿಗೆ ಬಹುವಚನ ಯಾವಾಗಿನಿಂದ ಶುರುವಾಯಿತು? ಇನ್ನೊಂದು ಸಲ ಹಾಗೆ ಬರೆದರೆ ಹೂವೂ ಇಲ್ಲ, ಎಲೆಯೂ ಇಲ್ಲ.

ಇನ್ನು ನಿನ್ನ ಹೂವಿನ ವಿಚಾರ. ನಾನು ಓದಿದ್ದು ಏಳನೇ ಕ್ಲಾಸಾದರೂ ತಲೆ ಖಾಲಿಯಿಲ್ಲ. ನಿನಗೆ ಬೇಕಾಗಿರುವುದು ಹೂವೋ, ನಿಮ್ಮಪ್ಪ ಹೇಳಿದ್ದೇ ಸರಿ ಎನ್ನುವ ಸರ್ಟಿಫಿಕೇಟೋ? ಅದು ನಮ್ಮವ್ವನ ಗಿಡದ್ದಲ್ಲ. ಆ ಗಿಡದ ಸೊಪ್ಪನ್ನು ಮದುವೆಯಾಗುವ ತನಕ ತಲೆಯ ಮೇಲೆ ಹೊತ್ತವಳು ನಾನು. ಅವ್ವ ಹೋದ ಮೇಲೆ ತವರಿಂದ ನಾನು ಕೇಳಿದ್ದು ಅದೊಂದೇ. ಬೆಳ್ಳಿ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಅರ್ಧ ಎಕರೆಗೆ ನೆಟ್ಟು ನೀರು ಹಾಯಿಸಿದೆವು. ಎಲೆ ಬಂತು, ಒರಟು ಎಲೆ. ಹುಳ ಬಾಯಿಡುತ್ತಿರಲಿಲ್ಲ.

ಆ ಬೆಳೆಯ ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ತೆಗೆದುಕೊಂಡು ಹೋದೆವು. ಗೂಡು ಕೊಂಡು ನೂಲು ತೆಗೆಯುವ ರೀಲರ್ ಷರೀಫಣ್ಣ ಒಂದು ಗೂಡನ್ನು ಬೆರಳಲ್ಲಿ ಒತ್ತಿ ನೋಡಿ, ಏನೂ ಹೇಳದೆ ಜಾಲರಿಗೆ ವಾಪಸ್ಸು ಹಾಕಿದರು. ಪಕ್ಕದಲ್ಲೇ ನಿಮ್ಮಪ್ಪ ತನ್ನ ಗೂಡು ಸುರಿದುಕೊಂಡು ನಿಂತಿದ್ದ. ನಿಮ್ಮ ಮಾವನಿಗೆ ತಲೆ ಕೆಟ್ಟುಹೋಯಿತು. "ಸತ್ತ ತಾಯಿ ಹೆಸರೇಳಿ ಕಾಡು ಕಡ್ಡಿ ಕಳ್ಸಿದ್ದಾನೆ, ಮೋಸಗಾರ ಇವ್ನು" ಎಂದು ಮಾರ್ಕೆಟ್ಟಿಗೆಲ್ಲ ಕೇಳುವ ಹಾಗೆ ಕೂಗಿದರು. ನಿಮ್ಮಪ್ಪ ಮುನಿ ಗೂಡನ್ನು ಅಲ್ಲೇ ಬಿಟ್ಟು ಹೊರಟುಹೋದ. ನಾನೂ ಅಲ್ಲೇ ಇದ್ದೆ.

ಆ ಒಂದು ಗಿಡ ಯಾಕೆ ಉಳಿಸಿಕೊಂಡೆ ಎಂದು ಕೇಳಬೇಡ. ಸಂಕ್ರಾಂತಿ ಹೊತ್ತಿಗೆ ಹೂ ಬರುತ್ತದೆ, ಕಳಿಸುತ್ತೇನೆ. ನಿನ್ನ ಮದುವೆ ವಿಷಯ ನಾನು ಕೇಳುವುದಿಲ್ಲ, ನೀನೂ ಹೇಳಬೇಡ.

ನಿನ್ನ ಅತ್ತೆ
ಆದಿಲಕ್ಷ್ಮಮ್ಮ


ಪುಣೆ
೧೬ ಡಿಸೆಂಬರ್ ೨೦೨೪

ಅತ್ತೆ,

ನೀನು. ನೀನು. ನೀನು. ಮೂರು ಸಲ ಬರೆದಿದ್ದೇನೆ, ಸಾಕೋ ಇನ್ನೂ ಬೇಕೋ?

ಸುಳ್ಳು ಹೇಳುವುದಿಲ್ಲ. ಹೂವೂ ಬೇಕು, ಸರ್ಟಿಫಿಕೇಟೂ ಬೇಕು. ನನ್ನಪ್ಪ ಮೋಸ ಮಾಡಿಲ್ಲ ಎಂದು ತೋರಿಸಬೇಕೆಂಬ ಆಸೆ ನನಗಿದೆ. ಎರಡು ಗಿಡದ ಹೂವೂ ಒಂದೇ ಎಂದು ಗೊತ್ತಾದರೆ ನೀನು ಅವನಿಗೆ ಒಂದು ಮಾತು ಹೇಳುತ್ತೀಯ, ಅವನು ಕರಗುತ್ತಾನೆ, ನಾನು ಮತ್ತೆ ರಜೆಗೆ ನಗರಗೆರೆಗೆ ಬರುತ್ತೇನೆ. ಇಷ್ಟೆಲ್ಲ ಲೆಕ್ಕ ಹಾಕಿಯೇ ಬರೆದದ್ದು. ಒಂದೇ ಅಲ್ಲ ಎಂದಾದರೆ ಅದನ್ನೂ ಇದ್ದದ್ದು ಇದ್ದ ಹಾಗೆ ನಿನಗೆ ಬರೆಯುತ್ತೇನೆ.

ಅಜ್ಜಿಯ ಗಿಡದ ಹೂವಿಗೂ ದಾರಿ ಮಾಡಿದ್ದೇನೆ. ಬಾವಿಯ ಪಕ್ಕದ ಗಿಡವನ್ನು ಈ ಸಲ ಕೊಯ್ಯಬೇಡ, ಓದಿಗೆ ಬೇಕು ಎಂದು ಅಪ್ಪನಿಗೆ ಫೋನ್ ಮಾಡಿದೆ. "ಸೊಪ್ಪಿನ ಗಿಡ ಹೂ ಬಿಟ್ಕೊಂಡು ನಿಂತ್ರೆ ಊರೋರು ನಗ್ತಾರೆ ಕಣಮ್ಮ, ಮುನಿಶಾಮಪ್ಪಂಗೆ ಕೈಲಾಗ್ತಿಲ್ಲ ಅಂತಾರೆ" ಎಂದು ಗೊಣಗಿ ಕೊನೆಗೆ ಒಪ್ಪಿಕೊಂಡ. ಸಂಕ್ರಾಂತಿಗೆ ಊರಿಗೆ ಹೋಗಿ ನಾನೇ ತರುತ್ತೇನೆ.

ಸೌಜಿ


ನಗರಗೆರೆ
೨೦ ಜನವರಿ ೨೦೨೫

ಸೌಜಿಗೆ,

ಈ ಲಕೋಟೆಯಲ್ಲಿ ನಿನ್ನ ಹೂವಿದೆ. ಹೂವು ಎನ್ನುವುದಕ್ಕೇ ನನಗೆ ನಾಚಿಕೆ. ಬಣ್ಣವಿಲ್ಲ, ವಾಸನೆಯಿಲ್ಲ, ಹಸಿರು ಕಂಬಳಿಹುಳು ನೇತಾಡಿದ ಹಾಗಿದೆ. ಇದನ್ನು ನೋಡಲು ಸರ್ಕಾರ ನಿನಗೆ ಸಂಬಳ ಕೊಡುತ್ತದೆ ಎಂದು ಮೋಹನ ಹೇಳಿದ. ನಿಜವೇ?

ಪೇಪರಿನಲ್ಲಿಟ್ಟು ಮೇಲೆ ರಾಗಿ ಮೂಟೆ ಹೇರಿದ್ದೆ. ನಿಮ್ಮ ಮಾವ ಬೆಳಿಗ್ಗೆ ಎದ್ದು "ಪೇಪರ್ ಎಲ್ಲೋಯ್ತು, ಇನ್ನೂ ಓದೇ ಇಲ್ಲ" ಎಂದು ಮನೆಯೆಲ್ಲ ಹುಡುಕಿದರು. ಮೂಟೆ ಎತ್ತಿ ಕೊಟ್ಟೆ. ಹೂವು ನೋಡಿದರು. ಯಾರಿಗೆ ಎಂದು ಕೇಳಿದರು, ಹೇಳಿದೆ. ಮತ್ತೆ ಮಡಿಸಿ ಅವರೇ ಮೂಟೆ ಹೇರಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಮನುಷ್ಯನಿಗೆ ಅರವತ್ತೆಂಟು ಆಯಿತು ನೋಡು.

ಹಬ್ಬಕ್ಕೆ ಊರಿಗೆ ಹೋಗಿದ್ದೆಯಾ? ಮನೆ ಹೇಗಿದೆ?

ಆದಿಲಕ್ಷ್ಮಮ್ಮ


ಪುಣೆ
೩ ಫೆಬ್ರವರಿ ೨೦೨೫

ಅತ್ತೆ,

ಹೂವು ಚೆನ್ನಾಗಿ ಒಣಗಿ ಬಂದಿದೆ. ಒಂದೇ ತೊಂದರೆ, ನೀನು ಕಳಿಸಿದ್ದೆಲ್ಲ ಗಂಡು ಹೂವು. ನಗಬೇಡ. ಹಿಪ್ಪುನೇರಳೆಯಲ್ಲಿ ಗಂಡು ಹೂವಿನ ಗೊಂಚಲು ಬೇರೆ, ಹೆಣ್ಣು ಹೂವಿನ ಗೊಂಚಲು ಬೇರೆ. ಗಂಡು ಉದ್ದವಾಗಿ ಜೋತುಬಿದ್ದು ಹಳದಿ ಪುಡಿ ಉದುರಿಸುತ್ತದೆ. ಜಾತಿ ಹೇಳಲು ನನಗೆ ಬೇಕಾಗಿರುವುದು ಹೆಣ್ಣು. ಅದು ಗಿಡ್ಡಗೆ, ದುಂಡಗೆ ಇರುತ್ತದೆ, ಹಣ್ಣಾಗುವುದು ಅದೇ. ಅದೇ ಮರದ ಬೇರೆ ರೆಂಬೆಯಲ್ಲಿ ಹುಡುಕು.

ಯಾಕೆಂದು ಹೇಳುತ್ತೇನೆ. ಆ ಗೊಂಚಲಿನ ಒಂದೊಂದು ಹೂವೂ ಎಳ್ಳಿನಷ್ಟು ಚಿಕ್ಕದು. ನಾಲ್ಕು ಹಸಿರು ಎಸಳು, ನಡುವೆ ಕಾಯಾಗುವ ಅಂಡಾಶಯ, ಅದರ ನೆತ್ತಿಯ ಮೇಲೆ ಎರಡು ಕವಲಿನ ತುದಿ. ಕೆಲವು ಜಾತಿಯಲ್ಲಿ ಈ ಕವಲನ್ನು ಒಂದು ಸಣ್ಣ ಕಂಬ ಎತ್ತಿ ಹಿಡಿದಿರುತ್ತದೆ, ಅದಕ್ಕೆ ಶಲಾಕೆ ಎನ್ನುತ್ತಾರೆ. ಇನ್ನು ಕೆಲವಲ್ಲಿ ಕಂಬವೇ ಇಲ್ಲ, ಕವಲು ಅಂಡಾಶಯದ ಮೇಲೇ ಕೂತುಬಿಟ್ಟಿರುತ್ತದೆ. ನೀರು, ಗೊಬ್ಬರ, ಕುಡುಗೋಲು ಇವುಗಳಿಂದ ಎಲೆ ಬದಲಾಗುತ್ತದೆ. ಈ ಕಂಬ ಬದಲಾಗುವುದಿಲ್ಲ.

ಊರಿಗೆ ಹೋಗಿದ್ದೆ. ನಿನ್ನ ಕೋಣೆಯಲ್ಲಿ ಈಗ ಹುಳದ ತಟ್ಟೆಗಳಿವೆ. ಬಾವಿಯ ಪಕ್ಕ ಒಂದೇ ಪಾತಿಯಲ್ಲಿ ಎರಡು ಬುಡ ಇವೆಯಲ್ಲ, ಒಂದು ಅಜ್ಜಿ ನೆಟ್ಟದ್ದು, ಇನ್ನೊಂದು ಹಕ್ಕಿ ಬೀಳಿಸಿದ ಬೀಜದಿಂದ ತಾನಾಗಿ ಹುಟ್ಟಿದ್ದು. ಎರಡರಿಂದಲೂ ಹೂವು ತಂದಿದ್ದೇನೆ. ಅಜ್ಜಿಯದು ಯಾವುದು ಎಂದು ಕೇಳಿದಾಗ ಅಪ್ಪ ಎಡಗಡೆಯದನ್ನು ತೋರಿಸಿದ. ಎರಡನೆಯದು ಯಾಕೆ ಬೇಕು ಎಂದು ಕೇಳಲಿಲ್ಲ. ಎಲ್ಲದಕ್ಕೂ ನೂರು ಪ್ರಶ್ನೆ ಕೇಳುವವನು, ಅದೊಂದನ್ನು ಕೇಳಲಿಲ್ಲ.

ಸೌಜಿ


ನಗರಗೆರೆ
೧೮ ಫೆಬ್ರವರಿ ೨೦೨೫

ಸೌಜಿಗೆ,

ಹೆಣ್ಣು ಹೂವು ಇಟ್ಟಿದ್ದೇನೆ, ಎಣಿಸಿ ಹನ್ನೊಂದು ಗೊಂಚಲು. ಹುಡುಕಿ ಹುಡುಕಿ ಕತ್ತು ಹಿಡಿದುಕೊಂಡಿತು. ನಿಮ್ಮ ಮಾವ ಏಣಿ ಹಿಡಿದುಕೊಂಡಿದ್ದರು. "ಹೆಣ್ಣು ಸಿಗ್ತಾ?" ಎಂದು ಕೆಳಗಿಂದ ಕೂಗುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಗಂಗರಾಜು ನಿಂತು "ಯಾರಿಗ್ ನೋಡ್ತಿದ್ದೀರಮ್ಮ, ಮೋಹನಂಗಾ?" ಎಂದು ಕೇಳಿದ. ಈಗ ಊರೆಲ್ಲ ಮೋಹನನಿಗೆ ಹೆಣ್ಣು ಹುಡುಕುತ್ತಿದ್ದೇವೆ ಎಂದು ಸುದ್ದಿ.

ಒಂದು ಗೊಂಚಲನ್ನು ನಾನೇ ಬಿಡಿಸಿದೆ. ನಿಮ್ಮ ಮಾವ ಪಹಣಿ ಓದಲು ಇಟ್ಟುಕೊಂಡಿರುವ ಭೂತಗನ್ನಡಿ ಇದೆ. ಬಾಗಿಲ ಬೆಳಕಿನಲ್ಲಿ ಕೂತು ಸೂಜಿಯಿಂದ ಎಸಳು ಸರಿಸಿದೆ. ಎರಡು ಕವಲು ಕಂಡಿತು. ನೀನು ಹೇಳಿದ ಕಂಬ ಮಾತ್ರ ಕಾಣಲಿಲ್ಲ. ನನ್ನ ಕಣ್ಣು ಸರಿಯಿಲ್ಲ, ಇರಬಹುದು. ನೀನು ಸರಿಯಾಗಿ ನೋಡಿ ಬರೆ. ಬೇಗ ಬರೆ.

ಆದಿಲಕ್ಷ್ಮಮ್ಮ


ಪುಣೆ
೯ ಮಾರ್ಚ್ ೨೦೨೫

ಅತ್ತೆ,

ನಿನ್ನ ಕಣ್ಣು ಸರಿಯಾಗಿದೆ.

ನಿನ್ನ ಹೂವನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿದೆ. ಮೂವತ್ತು ಹೂವು ಬಿಡಿಸಿದೆ, ಒಂದರಲ್ಲೂ ಶಲಾಕೆ ಇಲ್ಲ. ಅಜ್ಜಿಯ ಗಿಡದಲ್ಲೂ ಮೂವತ್ತು ಬಿಡಿಸಿದೆ. ಒಂದೊಂದರಲ್ಲೂ ಕಂಬ ನೆಟ್ಟಗೆ ನಿಂತಿದೆ, ಕವಲಿನಷ್ಟೇ ಉದ್ದ. ಇವೆರಡೂ ಒಂದೇ ಜಾತಿಯೂ ಅಲ್ಲ. ಆಮೇಲೆ ಪಕ್ಕದ ಬುಡದ ಹೂವು ತೆಗೆದೆ. ಅದು ನಿನ್ನ ಮರದ ಹೂವಿನ ಹಾಗೇ ಇದೆ, ಎಸಳಿನ ಅಂಚಿನ ರೋಮದವರೆಗೆ. ಅಪ್ಪ ಕೊಯ್ದದ್ದು ಅದನ್ನೇ.

ಎರಡು ದಿನ ಅದೇ ಅಳತೆಗಳನ್ನು ಮತ್ತೆ ಮತ್ತೆ ನೋಡಿದೆ. ಆಮೇಲೆ ಹಳೆಯ ಹಾಳೆಗಳನ್ನು ತೆಗೆದೆ. ಇಲ್ಲಿ ನೂರು ವರ್ಷದಿಂದ ಒಣಗಿಸಿ ಅಂಟಿಸಿಟ್ಟ ಹಿಪ್ಪುನೇರಳೆ ಹಾಳೆಗಳಿವೆ. ದೊಡ್ಡ ದೊಡ್ಡವರು ಎಲೆ ನೋಡಿ ಹೆಸರು ಬರೆದು ತಪ್ಪಿದ್ದಾರೆ. ಒಂದೇ ಗಿಡ ಸೀಳಿದ ಎಲೆಯನ್ನೂ ಬಿಡುತ್ತದೆ, ಪೂರ್ತಿ ಎಲೆಯನ್ನೂ ಬಿಡುತ್ತದೆ. ಬುಡಕ್ಕೆ ಕಡಿದರೆ ಹೊಸ ಚಿಗುರಿನಲ್ಲಿ ಎಲೆ ಸೀಳಿ ಬರುತ್ತದೆ, ಬಲಿತ ರೆಂಬೆಯಲ್ಲಿ ಪೂರ್ತಿಯಾಗುತ್ತದೆ. ಅಜ್ಜಿಯ ಗಿಡದ್ದು ಪೂರ್ತಿ ಎಲೆ ಎಂದು ಅಪ್ಪನಿಗೂ ಗೊತ್ತು, ನಿನಗೂ ಗೊತ್ತು. ಆ ವರ್ಷ ಯಾರೋ ಅಜ್ಜಿಯ ಗಿಡವನ್ನು ಬುಡಕ್ಕೆ ಕಡಿದಿರಬೇಕು. ಅದರಲ್ಲಿ ಸೀಳು ಎಲೆ ಬಂದಿದೆ. ಪಕ್ಕದ್ದನ್ನು ಯಾರೂ ಮುಟ್ಟದೆ ಅದರಲ್ಲಿ ಪೂರ್ತಿ ಎಲೆ ಇದ್ದಿರಬೇಕು. ಅಪ್ಪ ಎಲೆ ನೋಡಿದ್ದಾನೆ, ಕೊಯ್ದಿದ್ದಾನೆ.

ನೀನು ಹೇಳಿದ್ದೇ ಸರಿ, ಅದು ಅಜ್ಜಿಯದಲ್ಲ. ಅಪ್ಪ ಮೋಸಗಾರನೂ ಅಲ್ಲ. ನನ್ನ ಲೆಕ್ಕದಲ್ಲಿ ಎರಡೂ ಸೇರಿ ಹೀಗಾಗುತ್ತದೆ ಎಂದು ನಾನು ಯೋಚಿಸಿರಲೇ ಇಲ್ಲ. ಅವನಿಗೆ ಹೇಗೆ ಹೇಳಲಿ?

ಸೌಜಿ


ನಗರಗೆರೆ
೨೪ ಮಾರ್ಚ್ ೨೦೨೫

ಸೌಜಿ,

ಹೇಳಬೇಡ.

ನಾನು ಗೆದ್ದೆ ಎಂದು ನೀನು ಬರೆದ ಕಾಗದ ಬಂದ ದಿನ ನನಗೆ ಊಟ ಸೇರಲಿಲ್ಲ. ಒಂಬತ್ತು ವರ್ಷ ಮನಸ್ಸಿನಲ್ಲೇ ಅವನ ಹತ್ತಿರ ಜಗಳವಾಡಿದ್ದೇನೆ, ಪ್ರತಿಸಲವೂ ನಾನೇ ಗೆಲ್ಲುತ್ತಿದ್ದೆ. ಈಗ ನಿಜವಾಗಿ ಗೆದ್ದಾಗ ಯಾಕಾದರೂ ಈ ಹೂವು ಕಳಿಸಿದೆನೋ ಎನಿಸಿತು. ನಿಮ್ಮಪ್ಪನ ಹತ್ತಿರ ದೊಡ್ಡ ಓದಿಲ್ಲ, ಹುದ್ದೆಯಿಲ್ಲ. ಇರುವುದು ಎಲೆ ಮುನಿಶಾಮಪ್ಪ ಎನ್ನುವ ಹೆಸರು. ಕಣ್ಣು ಮುಚ್ಚಿ ಎಲೆ ಸವರಿ ಯಾವ ತಳಿ ಎಂದು ಹೇಳುತ್ತಿದ್ದ. ಚಿಂತಾಮಣಿ ನರ್ಸರಿಯವರು ಕಡ್ಡಿ ಕೊಳ್ಳುವ ಮುಂಚೆ ಅವನಿಗೆ ತೋರಿಸಿಕೊಂಡು ಹೋಗುತ್ತಿದ್ದರು. ಎಲೆ ನೋಡಿ ತಪ್ಪಿದ್ದೀಯ ಎಂದು ಅವನಿಗೆ ಹೆತ್ತ ಮಗಳು ಹೇಳಬೇಕೇ? ನಿನ್ನ ಪುಸ್ತಕದಲ್ಲಿ ಎರಡೂ ಒಂದೇ ಎಂದು ಬರೆದುಬಿಡು. ಯಾರು ಬಂದು ನೋಡುತ್ತಾರೆ?

ಗಿಡ ಯಾಕೆ ಉಳಿಸಿಕೊಂಡೆ ಎಂದು ಈಗ ಹೇಳುತ್ತೇನೆ. ಮಾವ ಕೀಳಿಸುತ್ತಿದ್ದ ದಿನ ಬದುವಿನ ಮೇಲಿನದಕ್ಕೆ ಅಡ್ಡ ನಿಂತೆ. ಅವ್ವನದಲ್ಲ ಎಂದು ಗೊತ್ತಿದ್ದೇ ನಿಂತೆ. ಮುನಿ ಆ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನ ಡ್ರೈವರಿಗೆ ಹೇಳಿ, ಎಲ್ಲೆಲ್ಲಿ ನೀರು ಚಿಮುಕಿಸಬೇಕೆಂದು ಚೀಟಿ ಬರೆದು ಕಳಿಸಿದ್ದ. ಮೋಸ ಮಾಡುವವನು ಚೀಟಿ ಬರೆಯುತ್ತಾನೆಯೇ? ಅಷ್ಟು ಗೊತ್ತಿದ್ದರೂ ಆ ದಿನ ಮಾರ್ಕೆಟ್ಟಿನಲ್ಲಿ ನನ್ನ ಬಾಯಿ ಬರಲಿಲ್ಲ.

ಯುಗಾದಿಗೆ ಒಬ್ಬಟ್ಟು ಕಳಿಸೋಣ ಎಂದರೆ ಪುಣೆ ಮುಟ್ಟುವಷ್ಟರಲ್ಲಿ ಹಳಸುತ್ತದೆ.

ಅತ್ತೆ


ಗುಟ್ಟಪಾಳ್ಯ, ಶಿಡ್ಲಘಟ್ಟ ತಾಲ್ಲೂಕು
೨೪ ಏಪ್ರಿಲ್ ೨೦೨೫

ಸೌಜನ್ಯಮ್ಮನಿಗೆ ಅಪ್ಪನ ಆಶೀರ್ವಾದಗಳು.

ಹುಳ ಇವತ್ತು ಪೊರೆ ಬಿಡಲು ತಿನ್ನುವುದು ನಿಲ್ಲಿಸಿ ನಾಲ್ಕನೇ ಜ್ವರಕ್ಕೆ ಕೂತಿವೆ. ಸೊಪ್ಪು ಹಾಕುವ ಕೆಲಸವಿಲ್ಲ, ಅದಕ್ಕೆ ಬರೆಯಲು ಪುರುಸೊತ್ತಾಯಿತು. ಫೋನಿನಲ್ಲಿ ಹೇಳುವ ಮಾತಲ್ಲ ಇದು.

ನಿನ್ನ ಕಾಗದ, ಹೂವಿನ ಚಿತ್ರ ಎರಡೂ ಬಂದವು. ಬಹಳ ಹೆದರಿ ಬರೆದಿದ್ದೀಯ. ಹೆದರುವಂಥದ್ದು ಏನಿಲ್ಲ. ನೀನು ಹೂವು ಬಿಡಿಸಿ ಕಂಡುಕೊಂಡದ್ದು ನನಗೆ ಎಂಟು ವರ್ಷದಿಂದ ಗೊತ್ತು.

ಅವ್ವ ಹೋದಾಗ ಸೂತಕದಲ್ಲಿ ನಾನು ಹುಳದ ಮನೆಗೂ ತೋಟಕ್ಕೂ ಕಾಲಿಡಲಿಲ್ಲ. ಹುಳ ಹಸಿದಿದ್ದವು. ತೋಟದ ಕೆಲಸಕ್ಕೆ ಬರುವ ನಮ್ಮ ಎರ್ರಪ್ಪ ಸಿಕ್ಕಿದ್ದನ್ನು ಕೊಯ್ದು ಹಾಕುತ್ತಿದ್ದ. ಬಾವಿಯ ಹತ್ತಿರದ ಜೋಡಿಯಲ್ಲಿ ತಾನಾಗಿ ಹುಟ್ಟಿದ್ದನ್ನು ಮಾತ್ರ ಬುಡಕ್ಕೆ ಸವರಿ, ಅವ್ವನದರ ಸೊಪ್ಪನ್ನು ರೆಂಬೆಯಿಂದಲೇ ಬಿಡಿಸುವುದು ನಮ್ಮ ರೂಢಿ. ಅವನು ಒಂದನ್ನು ಬುಡಕ್ಕೆ ಕಡಿದಿದ್ದಾನೆ. ಯಾವುದನ್ನು ಎಂದು ನಾನು ಕೇಳಲಿಲ್ಲ. ಎಡಗಡೆಯದೋ ಬಲಗಡೆಯದೋ ಎಂದು ನಾನು ಯಾವತ್ತೂ ನೆನಪಿಟ್ಟುಕೊಂಡವನೇ ಅಲ್ಲ, ಎಲೆ ನೋಡಿದರೆ ಗೊತ್ತಾಗುತ್ತಿತ್ತು. ಅಕ್ಕಯ್ಯ ಕಡ್ಡಿ ಕೇಳಿದಾಗಲೂ ಎಲೆ ನೋಡಿ ಕೊಯ್ದೆ. ಮಾರ್ಕೆಟ್ಟಿನ ಜಗಳವಾದ ಮರುವರ್ಷ ಎಡಗಡೆಯದು ಬಲಿತು ಪೂರ್ತಿ ಎಲೆ ಬಿಟ್ಟಿತು. ನಾನು ಕೊಯ್ದದ್ದು ಪಕ್ಕದ್ದನ್ನು ಎಂದು ಆಗ ಗೊತ್ತಾಯಿತು. ಆಮೇಲೆ ಯಾರು ಎಲೆ ತಂದು ತೋರಿಸಿದರೂ ಗೊತ್ತಿಲ್ಲ ಎಂದು ಕಳಿಸಿಬಿಡುತ್ತೇನೆ. ಕಣ್ಣು ಮಂಜಾಗಿದೆ ಎಂದು ನೆಪ ಹೇಳುತ್ತೇನೆ.

ಆ ತಿಂಗಳೇ ಸರಿಯಾದ ಕಡ್ಡಿ ಒಂದು ಕಟ್ಟು ಕೊಯ್ದುಕೊಂಡು ಹೊರಟೆ. ಗೌರಿಬಿದನೂರು ಬಸ್‌ಸ್ಟ್ಯಾಂಡಿನವರೆಗೆ ಹೋದೆ. ನಗರಗೆರೆ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಹತ್ತಲಿಲ್ಲ. ಕಡ್ಡಿ ಬಾಡುವ ತನಕ ಕೂತಿದ್ದು ವಾಪಸ್ಸು ಬಂದೆ.

ಭಾವ ಮೋಸಗಾರ ಎಂದರು. ಅದು ಅವರ ಕೋಪ, ಬೆಳೆ ಹೋದವರು ಅಷ್ಟು ಅನ್ನುವುದು ಸಹಜ. ಅಕ್ಕಯ್ಯ ಅವರ ಪಕ್ಕದಲ್ಲೇ ನಿಂತಿದ್ದಳು. ನನ್ನನ್ನು ಎತ್ತಿ ಆಡಿಸಿದವಳು. ನನ್ನ ತಮ್ಮ ಅಂಥವನಲ್ಲ ಎಂದು ಒಂದು ಮಾತು ಹೇಳಿದ್ದರೆ ಗೂಡು ಮಾತ್ರವಲ್ಲ, ತೋಟವನ್ನೇ ಬರೆದುಕೊಡುತ್ತಿದ್ದೆ. ನೆಲ ನೋಡುತ್ತಾ ನಿಂತಳು. ಅದನ್ನು ನುಂಗಲು ನನಗೆ ಆಗಲಿಲ್ಲ.

ನಿನ್ನ ಓದಿಗೆ ಏನು ಬೇಕೋ ನಿಜವನ್ನೇ ಬರೆ. ನನ್ನ ಹೆಸರು ಬೇಕಾದರೂ ಹಾಕು. ಈ ಕಾಗದವನ್ನು ಅಕ್ಕಯ್ಯನಿಗೆ ತೋರಿಸಬೇಡ.

ಇಂತಿ,
ಮುನಿಶಾಮಪ್ಪ


ಪುಣೆ
೨೮ ಏಪ್ರಿಲ್ ೨೦೨೫

ಅತ್ತೆ,

ಅವನಿಗೆ ಹೇಳಬೇಡ ಎಂದೆ ನೀನು, ಹೇಳಿದೆ. ನಿನಗೆ ತೋರಿಸಬೇಡ ಎಂದ ಅವನು, ಕಾಗದವನ್ನೇ ಇದರ ಜೊತೆ ಇಟ್ಟಿದ್ದೇನೆ. ಇಬ್ಬರೂ ಸೇರಿ ನನಗೆ ಬೈಯಿರಿ, ಸೇರಿ ಬೈದರೆ ಸಾಕು.

ಎರಡೂ ಗಿಡ ಒಂದೇ ಎಂದು ಬರೆಯಲು ನನ್ನ ಕೈ ಬರಲಿಲ್ಲ. ನಿನ್ನ ಮರದ ಹಾಳೆ ಬೇರೆ, ಅಜ್ಜಿಯ ಗಿಡದ ಹಾಳೆ ಬೇರೆ.

ಸೌಜಿ


ಗುಟ್ಟಪಾಳ್ಯ
೧೧ ಮೇ ೨೦೨೫

ಸೌಜಿ,

ಮೇಲೆ ಬರೆದಿರುವ ಊರಿನ ಹೆಸರು ಸರಿಯಾಗಿಯೇ ಇದೆ. ನಿಮ್ಮ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿಮ್ಮಮ್ಮ ಮೂರು ದಿನದಿಂದ ತಿನ್ನಿಸಿ ತಿನ್ನಿಸಿ ಸಾಯಿಸುತ್ತಿದ್ದಾಳೆ.

ನಿಮ್ಮಪ್ಪನ ಕಾಗದ ಓದಿ ಮುಗಿಸಿ ನಾನು ಮೊದಲು ಮಾಡಿದ್ದು ಬೆರಳು ಮಡಚಿ ಎಣಿಸಿದ್ದು. ಇಪ್ಪತ್ತನಾಲ್ಕಕ್ಕೆ ನಾಲ್ಕನೇ ಜ್ವರ ಎಂದರೆ ಇಪ್ಪತ್ತಾರಕ್ಕೆ ಏಳುತ್ತವೆ. ಆಮೇಲೆ ಏಳೆಂಟು ದಿನ ಸೊಪ್ಪು ತಿಂದು, ಗೂಡು ಕಟ್ಟುವಷ್ಟು ಬಲಿತು ಹಣ್ಣಾಗುತ್ತವೆ. ಗೂಡು ಕಟ್ಟುವ ಬಿದಿರ ತಟ್ಟಿ, ಚಂದ್ರಿಕೆಗೆ ಬಿಟ್ಟು ಐದಾರು ದಿನಕ್ಕೆ ಗೂಡು ಬಿಡಿಸುತ್ತಾರೆ. ಮೇ ಒಂಬತ್ತು, ಹೆಚ್ಚೆಂದರೆ ಹತ್ತು, ಮುನಿ ಗೂಡು ತೆಗೆದುಕೊಂಡು ಮಾರ್ಕೆಟ್ಟಿಗೆ ಬರಲೇಬೇಕು. ಮಾವ ತಾವೂ ಬರುತ್ತೇನೆ ಎಂದರು. "ಅವತ್ತು ಮಾತಾಡಿದ್ದು ನೀವು, ಇವತ್ತು ನಾನು ಮಾತಾಡ್ಬೇಕು, ನೀವು ಮನೇಲಿರಿ" ಎಂದೆ. ಬಸ್‌ಸ್ಟಾಪಿನವರೆಗೆ ಬಂದು ಬಸ್ಸು ಹತ್ತಿಸಿ, ಕಿಟಕಿಯ ಹತ್ತಿರ ನಿಂತು, "ಅವ್ನಿಗೆ ನಾನೂ ತಪ್ಪಾಯ್ತು ಅಂದೆ ಅಂತ ಹೇಳು" ಎಂದರು. ಮದುವೆಯಾದಾಗಿನಿಂದ ಆ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ.

ಒಂಬತ್ತನೇ ತಾರೀಕು ಬೆಳಿಗ್ಗೆ ಶಿಡ್ಲಘಟ್ಟದಲ್ಲಿ ಇಳಿದೆ. ಮಾರ್ಕೆಟ್ಟಿನಲ್ಲಿ ಈಗ ಕಂಪ್ಯೂಟರ್ ಹರಾಜು, ಜಾಲರಿಗಳು ಮಾತ್ರ ಹಾಗೇ ಇವೆ. ಒಂದೊಂದು ಸಾಲೂ ನೋಡುತ್ತಾ ಹೋದೆ. ಮುನಿ ಕೊನೆಯ ಸಾಲಿನಲ್ಲಿ ಗೂಡಿನೊಳಗಿನ ಕಸ ಆರಿಸುತ್ತಾ ಬಗ್ಗಿದ್ದ. ತಲೆಯೆಲ್ಲ ಬೆಳ್ಳಗಾಗಿದೆ. ಆರಿಸುತ್ತಿದ್ದ ಕೈ ನಿಂತುಹೋಯಿತು. ನನ್ನನ್ನು ನೋಡಿದ. ನಾನು ನಿಲ್ಲದೆ ಮುಂದೆ ನಡೆದೆ, ಮೊದಲು ಅವನ ಹತ್ತಿರ ಮಾತಾಡಿದರೆ ಅಳುತ್ತೇನೆ, ಬಂದ ಕೆಲಸ ಕೆಡುತ್ತದೆ ಎಂದು ಗೊತ್ತಿತ್ತು.

ಷರೀಫಣ್ಣ ಎರಡು ಜಾಲರಿ ಆಚೆ ಇದ್ದರು. ಗಡ್ಡ ಹಣ್ಣಾಗಿದೆ. ಜೊತೆಗೆ ಆರೇಳು ಜನ ರೀಲರುಗಳು, ರೈತರು. ಅವರ ಮುಂದೆ ಹೋಗಿ ನಿಂತೆ. ಬಸ್ಸಿನಲ್ಲಿ ಚಿಕ್ಕಬಳ್ಳಾಪುರ ಬರುವಷ್ಟರಲ್ಲಿ ಹತ್ತು ಸಲ ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡಿದ್ದೆ, ಜೋರಾಗಿ ಹೇಳಿದೆ.

"ಷರೀಫಣ್ಣ, ಒಂಬತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ನಮ್ಮ ಯಜಮಾನ್ರು ನನ್ನ ತಮ್ಮನ್ನ ಮೋಸಗಾರ ಅಂದ್ರು. ನಾನು ಪಕ್ಕದಲ್ಲೇ ಇದ್ದು ಬಾಯಿ ಮುಚ್ಕೊಂಡಿದ್ದೆ. ನನ್ನ ತಮ್ಮ ಅಂಥವನಲ್ಲ. ಎಲೆ ನೋಡಿ ತಪ್ಪು ಗಿಡ ಕೊಯ್ದ, ಅಷ್ಟೇ. ನೀವೆಲ್ಲ ಅವತ್ತು ಕೇಳಿಸ್ಕೊಂಡಿದ್ರಿ, ಇವತ್ತು ಇದನ್ನೂ ಕೇಳಿಸ್ಕೊಳ್ಳಿ."

ಷರೀಫಣ್ಣ ಕನ್ನಡಕ ಮೇಲೆತ್ತಿ ನನ್ನ ಮುಖ ನೋಡಿದರು. "ಯಾವ ಮಾತಮ್ಮ? ಯಾವಾಗ?" ಎಂದರು. ನಾನು ಮತ್ತೆ ವಿವರಿಸಿದೆ. ಅವರು ಪಕ್ಕದವರನ್ನು ಕೇಳಿದರು. ಪಕ್ಕದವರು ಇನ್ನೊಬ್ಬರನ್ನು ಕೇಳಿದರು. ಯಾರಿಗೂ ಜ್ಞಾಪಕವಿಲ್ಲ. ಒಬ್ಬರು ಯಾವುದೋ ತೂಕದ ಜಗಳ ಹೇಳಿದರು, ಅದು ನಮ್ಮದಲ್ಲ. "ದಿನಾ ಇಲ್ಲಿ ಹತ್ತು ಗಲಾಟೆ ಆಗ್ತವೆ ತಾಯಿ, ಸಾಯಂಕಾಲಕ್ಕೆ ಮರ್ತೋಗ್ತೀವಿ. ನೀವ್ ಇದಕ್ಕೆ ನಗರಗೆರೆಯಿಂದ ಬಂದ್ರಾ?" ಎಂದು ಷರೀಫಣ್ಣ ಪಾಪ ನೊಂದುಕೊಂಡು ಕೇಳಿದರು. ಯಾರ ಮುಂದೆ ಮಾನ ಹೋಯಿತು ಎಂದು ಇವನು ಒಂಬತ್ತು ವರ್ಷ ತಲೆ ತಗ್ಗಿಸಿಕೊಂಡು ಓಡಾಡಿದನೋ, ಯಾರ ಮುಂದೆ ಬಾಯಿ ಬರಲಿಲ್ಲ ಎಂದು ನಾನು ನನ್ನನ್ನೇ ಬೈದುಕೊಂಡೆನೋ, ಅವರಲ್ಲಿ ಒಬ್ಬರಿಗೂ ನೆನಪಿಲ್ಲ. ಅವರೆಲ್ಲ ಹರಾಜಿನ ಕಡೆ ತಿರುಗಿದರು. ನಾನು ಸೆರಗು ಹಿಡಿದುಕೊಂಡು ನಿಂತಿದ್ದೆ.

ಹಿಂದೆ ಮುನಿ ಬಂದು ನಿಂತದ್ದು ಗೊತ್ತಾಯಿತು.

"ನಂಗೆ ಜ್ಞಾಪಕ ಇದೆ ಅಕ್ಕಯ್ಯ" ಎಂದ. "ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳಿದೆ, ಅವನೊಬ್ಬನಿಗೇ.

ನಿನ್ನ ಅತ್ತೆ
ಆದಿಲಕ್ಷ್ಮಮ್ಮ